ಸುಮಿತ್ರಾಬಾಯಿ ಸ್ಕೂಟಿ ಕಲಿತದ್ದು

ಕೊಳಕೂರದ ಸುಮಿತ್ರಾಬಾಯಿಗೆ ಸ್ಕೂಟಿ ಹೊಡೆಯುವ ಆಸೆ ಹುಟ್ಟಿದ್ದು ಅರವತ್ತರ ಹತ್ತಿರ ಬಂದಾಗ. ಅವಳು ಕುಟ್ಟುವ ಶೇಂಗಾ ಚಟ್ನಿಗೆ ಜೇವರ್ಗಿಯ ಅಂಗಡಿಗಳಲ್ಲಿ ಒಳ್ಳೆಯ ಗಿರಾಕಿ. ಆದರೆ ಚೀಲ ಹೊತ್ತು ಬಸ್ಸಿಗೆ ಕಾಯುವುದು, ಟಂಟಂ ಆಟೋದಲ್ಲಿ ಮುದುರಿ ಕೂಡುವುದು ಸಾಕುಸಾಕಾಗಿತ್ತು. ಮಗನ ಸ್ಕೂಟಿ ಅಂಗಳದಲ್ಲೇ ನಿಂತಿರುತ್ತಿತ್ತು. ಹತ್ತಲು ಮಾತ್ರ ಎದೆ ಡವಡವ.

ಸೊಸೆ ಸಪ್ನಾ ಫೋನಿನಲ್ಲಿ ಒಬ್ಬ ಗುರುಮಾಳ ಪ್ರವಚನ ಕೇಳುತ್ತಿದ್ದಳು. ಅವಳೇ ದಾರಿ ಹೇಳಿದಳು.

"ಕಣ್ಣ ಮುಚ್ಚಿ, ನಾ ಸ್ಕೂಟಿ ಹೊಡ್ಯಾಕತ್ತೇನಿ ಅಂತ ಅನ್ಕೋರಿ ಅತ್ತಿ. ಬ್ರಹ್ಮಾಂಡ ತಾನಾ ಕಲಸ್ತದ."

"ಬ್ರಹ್ಮಾಂಡದ ಹಂತ್ಯಾಕ ಲೈಸೆನ್ಸ್ ಅದ ಏನಬೇ?" ಎಂದು ನಕ್ಕರೂ, ಸುಮಿತ್ರಾಬಾಯಿ ದಿನಾ ಬೆಳಿಗ್ಗೆ ಹೊರಸಿನ ಮೇಲೆ ಕಣ್ಣು ಮುಚ್ಚಿ ಕುಳಿತಳು. ಮನಸ್ಸಿನಲ್ಲೇ ಸ್ಕೂಟಿ ಹೊಡೆದು ಹತ್ತಿರದ ಅಂದೋಲಾ ಊರಿಗೆ ಹೋಗಿ ಬಂದಳು. ಇತ್ತ ನಿಜವಾದ ಸ್ಕೂಟಿಯ ಸೀಟಿನ ಮೇಲೆ ಕೋಳಿ ಕಾವಿಗೆ ಕುಳಿತಿತು. ಗಾಡಿ ಯಾಕೆ ಬರವಲ್ಲದು ಎಂದು ಕೇಳಿದರೆ, "ನಿಮ್ಮ ಮನಸ್ಸಿನ್ಯಾಗ ಸಂಶೆ ಅದರಿ" ಎಂದು ಸಪ್ನಾ ಅತ್ತೆಯ ಮೇಲೇ ಹಾಕುತ್ತಿದ್ದಳು.

ಅಷ್ಟರಲ್ಲಿ ಆ ಗುರುಮಾ ಜೇವರ್ಗಿಯ ಒಂದು ಮಂಗಲ ಕಾರ್ಯಾಲಯಕ್ಕೆ ಬಂದಳು. ಅವಳ ಮೈಮೇಲೆ ಮೇಲಿನ ಲೋಕದವರು ಬಂದು ಮಾತಾಡುತ್ತಾರಂತೆ. ಅತ್ತೆ ಸೊಸೆ ಇಬ್ಬರೂ ಹೋದರು. ಸುಮಿತ್ರಾಬಾಯಿಯ ಸರದಿ ಬಂದಾಗ ಗುರುಮಾ ಕಣ್ಣು ಮುಚ್ಚಿ, ದನಿ ದಪ್ಪ ಮಾಡಿ ಶುರು ಮಾಡಿದಳು:

"ಪ್ರಿಯ ಸುಮಿತ್ರಾ, ನಾನು ನಿನ್ನ ಪತಿ. ಇಲ್ಲಿ ಬೆಳಕಿನಲ್ಲಿ ಸುಖವಾಗಿದ್ದೇನೆ."

ಸುಮಿತ್ರಾಬಾಯಿಗೆ ದಿಗಿಲಾಯಿತು. ಗಂಡ ಶಾಂತಲಿಂಗಪ್ಪ ಬದುಕಿದ್ದಷ್ಟು ದಿನವೂ ಅವಳನ್ನು 'ಎಲ್ಲಿ ಸತ್ತೀಬೇ' ಎಂದೇ ಕರೆದವನು. ಅವಳು ಮೆಲ್ಲಗೆ ಕೇಳಿದಳು, "ಹೌದ್ರಿ? ಹಂಗಾದ್ರ ನಮ್ಮ ಎತ್ತಿನ ಹೆಸರ ಏನ್ರಿ?"

"ಲೋಕದ ಹೆಸರುಗಳು ಇಲ್ಲಿ ಕರಗಿಹೋಗುತ್ತವೆ."

"ನನ್ನ ಹೆಸರ ಕರಗಿದ್ರ ನಂಬತಿದ್ದೆ. ಎತ್ತಿನ ಹೆಸರ ಆ ಮನಷ್ಯಾ ಮರ್ಯಾಂವಲ್ಲ!"

ಸಭೆಯೆಲ್ಲ ಗೊಳ್ಳೆಂದಿತು. ಗುರುಮಾ ಕಣ್ಣು ಬಿಟ್ಟು, ತನ್ನ ಮೊದಲಿನ ದನಿಯಲ್ಲೇ ಅವನು ಹೇಗೆ ಸತ್ತನೆಂದು ಕೇಳಿದಳು. ಸಿಡಿಲು ಬಡಿದು ಎಂದಳು ಸುಮಿತ್ರಾಬಾಯಿ. "ಹಾಗಾದರೆ ಅವನೊಳಗಿನ ಭಯವೇ ಸಿಡಿಲನ್ನು ಕರೆದಿದೆ," ಎಂದಳು ಗುರುಮಾ.

ಸುಮಿತ್ರಾಬಾಯಿಯ ನಗು ನಿಂತಿತು. "ತೊಗರಿ ಹೊಲದಾಗ ಮಳಿ ಹಿಡೀತು, ಸಿಡ್ಲ ಬಿತ್ತು. ಅಂವಾ ಯಾರನ್ನೂ ಕರದಿಲ್ರಿ. ಸತ್ತವರ ಮ್ಯಾಗ ತಪ್ಪ ಹೊರಸಬ್ಯಾಡ್ರಿ." ಹೇಳಿ ಎದ್ದು ಹೊರನಡೆದಳು.

ಸಪ್ನಾ ಅಳುಮೋರೆಯಲ್ಲಿ ಹಿಂದೆಯೇ ಬಂದಳು. ಅವಳ ತವರಿನಲ್ಲೂ ತಮ್ಮನೊಬ್ಬ ಜ್ವರದಲ್ಲಿ ತೀರಿಹೋಗಿದ್ದ. "ಅತ್ತಿ, ನನ್ನ ತಮ್ಮನೂ ಜ್ವರಾ ತಾನಾ ಕರಕೊಂಡಾನ ಏನ್ರಿ ಹಂಗಾದ್ರ?" ಎಂದಳು. ಅತ್ತೆ ಅವಳ ಕೈ ಹಿಡಿದು ಹೋಟೆಲ್ಲಿಗೆ ಕರೆದೊಯ್ದು ಮಿರ್ಚಿ ಭಜಿ ತಿನ್ನಿಸಿದಳು. ಖಾರಕ್ಕೋ ದುಃಖಕ್ಕೋ ಇಬ್ಬರ ಕಣ್ಣಲ್ಲೂ ನೀರು. ಆಮೇಲೆ 'ಪ್ರಿಯ ಸುಮಿತ್ರಾ' ನೆನಪಾಗಿ ತಡೆಯದೆ ನಕ್ಕರು.

ಮರುದಿನವೇ ಸುಮಿತ್ರಾಬಾಯಿ ಪಕ್ಕದ ಮನೆಯ ತಬಸ್ಸುಮಳ ಬಾಗಿಲು ಬಡಿದಳು. ತಬಸ್ಸುಮ ಸ್ಕೂಟಿಯಲ್ಲೇ ಶಾಲೆಗೆ ಹೋಗುವ ಟೀಚರು.

"ಕಣ್ಣ ತೆರಕೊಂಡು ಹೊಡೀರಿ ಅಕ್ಕಾ, ಮೊದಲ ಅದನ್ನ ಕಲೀರಿ," ಎಂದಳು ತಬಸ್ಸುಮ, ಹಿಂದಿನಿಂದ ಸೀಟು ಹಿಡಿದು ಬಯಲಿನ ತುಂಬ ಓಡುತ್ತ. ಸುಮಿತ್ರಾಬಾಯಿ ಒಮ್ಮೆ ಜಾಲಿಕಂಟಿಗೆ ನುಗ್ಗಿದಳು, ಒಮ್ಮೆ ತಿಪ್ಪೆ ಹತ್ತಿದಳು. ಮೊಣಕಾಲು ತರಚಿತು. ಸೀರೆಯ ನೆರಿಗೆ ಎತ್ತಿ ಕಟ್ಟಿ ಮತ್ತೆ ಹತ್ತಿದಳು.

ಬೆಳಿಗ್ಗೆ ಹೊರಸಿನ ಮೇಲೆ ಕೂಡುವುದನ್ನು ಅವಳು ಬಿಡಲಿಲ್ಲ. ಯಾರಾದರೂ ಕೇಳಿದರೆ, "ಆರಾಮ ಅನಸ್ತದ, ಕುಂಡ್ರತೇನಿ. ಗಾಡಿ ಕಲಿಸಿದ್ದು ತಬಸ್ಸುಮ," ಎನ್ನುತ್ತಾಳೆ.

ಲೈಸೆನ್ಸ್ ಕೈಗೆ ಬಂದ ವಾರ, ಚಟ್ನಿಯ ಚೀಲ ಮುಂದಿಟ್ಟು, ಸಪ್ನಾಳನ್ನು ಹಿಂದೆ ಕೂರಿಸಿಕೊಂಡು ಜೇವರ್ಗಿಯ ಹಾದಿ ಹಿಡಿದಳು. ಸಪ್ನಾ ಅತ್ತೆಯ ಸೊಂಟ ಬಿಗಿಯಾಗಿ ಅಪ್ಪಿ, "ಸಾವಕಾಶರೀ ಅತ್ತೀ!" ಎಂದು ಕೂಗಿದಳು. ಎರಡೂ ಕಡೆ ಹತ್ತಿ ಒಡೆದು ಹೊಲ ಬೆಳ್ಳಗಾಗಿತ್ತು. ಸುಮಿತ್ರಾಬಾಯಿ ಸುಮ್ಮಸುಮ್ಮನೆ ಹಾರ್ನ್ ಹೊಡೆದಳು.