ಏಳು ಎಂದು ಬರೆದಿದ್ದ ಕೋಲು

ನಮ್ಮಣ್ಣನನ್ನು ಎಲ್ಲರೂ ಗಜಣ್ಣ ಅಂತಲೇ ಕರೆಯುವುದು. ಆನೆಯಂಥ ಆಳು ಬರುತ್ತಾನೆಂದು ಕಾದ ಹೊಸಬರು ಇವನ ಕಡ್ಡಿ ಕಾಲು ಕಂಡು ಕಿಸಕ್ಕೆಂದು ನಗುತ್ತಾರೆ. ಆನೆಯಲ್ಲ ಸ್ವಾಮಿ, ಅಳತೆಯ ಗಜ! ಗಾಲ್ಫ್ ಮೈದಾನದಲ್ಲಿ ಆಡುವವರ ಚೀಲ ಹೊತ್ತು ನಡೆಯುವ ಕ್ಯಾಡಿ ಅವನು. ಚೆಂಡಿನಿಂದ ಅದು ಬೀಳಬೇಕಾದ ಗುಳಿಗೆ ಎಷ್ಟು ಗಜ ಎಂದು ಬರಿಗಣ್ಣಲ್ಲೇ ಅಳೆದು, ಅದಕ್ಕೆ ತಕ್ಕ ಹೊಡೆಯುವ ಕೋಲನ್ನು ಚೀಲದಿಂದ ಎಳೆದು ಕೊಡುವುದರಲ್ಲಿ ಎತ್ತಿದ ಕೈ. ಅತ್ತಿಗೆಯನ್ನು ಮೊದಲ ಸಲ ಕಂಡಾಗಲೂ ಅವಳು ಎಷ್ಟು ಗಜ ದೂರದಲ್ಲಿದ್ದಳು ಎಂಬುದು ಅವನಿಗೆ ನೆನಪಿದೆ, ಯಾವ ಬಣ್ಣದ ಬಟ್ಟೆ ಉಟ್ಟಿದ್ದಳು ಎಂಬುದು ಮರೆತಿದೆ. ಅದಕ್ಕೆ ಅವಳು ಇವತ್ತಿಗೂ ಮೂತಿ ತಿರುವುತ್ತಾಳೆ.

ನನಗೂ ಅದೇ ಮೈದಾನದಲ್ಲಿ ಕೆಲಸ. ಗುಳಿಯ ಹಿಂದಿರುವ ಮರಳುಗುಂಡಿಯಲ್ಲಿ ಮರಳು ಎಳೆದು ಸಮ ಮಾಡುತ್ತೇನೆ. ಆ ಕೋಲುಗಳಿಗೆ ನಂಬರು ಇರುತ್ತದೆ. ನಂಬರು ಹೆಚ್ಚಿದಷ್ಟೂ ಚೆಂಡು ಹೋಗುವ ದೂರ ಕಡಿಮೆ. ಕೊಳದ ಆಚೆಯಿಂದ ಅಣ್ಣ ಕೋಲನ್ನು ಅಡ್ಡ ಹಿಡಿದರೆ ಅದು ಏಳು, ಚೆಂಡು ನನ್ನವರೆಗೆ ಬರುವುದಿಲ್ಲ, ನನ್ನ ಪಾಡಿಗೆ ನಾನಿರಬಹುದು. ನೆಟ್ಟಗೆ ಎತ್ತಿದರೆ ಐದು, ಓಡಿಹೋಗಿ ತಗಡಿನ ಶೆಡ್ಡಿನ ಹಿಂದೆ ನಿಲ್ಲಬೇಕು. ಕೂಗಾಡಿದರೆ ಆಡುವ ದೊಡ್ಡವರಿಗೆ ಸಿಟ್ಟು ಬರುತ್ತದಲ್ಲ, ಅದಕ್ಕೇ ನಮ್ಮಿಬ್ಬರ ನಡುವೆ ಈ ಸನ್ನೆ. ಇಷ್ಟು ವರ್ಷ ಒಮ್ಮೆಯೂ ತಪ್ಪಿರಲಿಲ್ಲ.

ಅವತ್ತು ಅಣ್ಣ ಚೀಲ ಹೊರುತ್ತಿದ್ದ ಹಲ್ಲಿನ ಡಾಕ್ಟರು ಹೊಸ ಕೋಲುಗಳನ್ನು ತಂದಿದ್ದರು. ಅಣ್ಣ ಅಡ್ಡ ಹಿಡಿದು ತೋರಿಸಿದ. ನಾನು ತಲೆ ತಗ್ಗಿಸಿ ಮರಳು ಎಳೆಯುತ್ತಿದ್ದೆ. ಸುಂಯ್ ಎಂದು ಏನೋ ಬಂತು, ಹಿಂದೆ ಶೆಡ್ಡು ಢಣ್ ಎಂದಿತು. ಕಿವಿ ಮುಟ್ಟಿಕೊಂಡರೆ ಕೈಯೆಲ್ಲ ರಕ್ತ! ಓಲೆ ಕಿತ್ತುಹೋಗಿತ್ತು, ಅದರ ಜೊತೆ ಹಾಲೆಯೂ ಅರ್ಧ ಹೋಗಿತ್ತು! ಅಯ್ಯೋ ದೇವರೇ, ಎರಡು ಬೆರಳಿನಷ್ಟು ಈಚೆಗೆ ಬಂದಿದ್ದರೆ ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತು.

ಓಡಿಬಂದ ಅಣ್ಣ ನನ್ನನ್ನು ನೋಡಿ ಮರಳಲ್ಲೇ ಕುಸಿದು ಕೂತ. "ಏಳು ಕೊಟ್ಟಿದ್ದೆ ಕಣೇ, ಏಳೇ ಕೊಟ್ಟಿದ್ದೆ." ಬಾಯಲ್ಲಿ ಅದೊಂದೇ ಮಾತು.

ಹೊಲಿಗೆ ಹಾಕಿಸಿಕೊಂಡು ನಾನು ಹುಷಾರಾದೆ. ಅಣ್ಣ ಆಗಲಿಲ್ಲ. ತನ್ನ ಕಣ್ಣೇ ಕೆಟ್ಟಿತು, ಇನ್ನು ಚೀಲ ಹೊರುವುದಿಲ್ಲ ಎಂದು ಮೂಲೆ ಹಿಡಿದ. ಮ್ಯಾನೇಜರು ಅದನ್ನೇ ಕಾಯುತ್ತಿದ್ದವನಂತೆ "ವಯಸ್ಸಾಯ್ತಲ್ಲಪ್ಪಾ, ಮನೇಲಿರು" ಎಂದುಬಿಟ್ಟ. ಕಣ್ಣಿನ ಆಸ್ಪತ್ರೆಯಲ್ಲಿ ಎಲ್ಲ ಸರಿಯಿದೆ ಎಂದರೂ ಇವನು ನಂಬಲಿಲ್ಲ. ಬಾಗಿಲಿನಿಂದ ನಲ್ಲಿಗೆ ಎಷ್ಟು ಗಜ ಎಂದು ತಾನೇ ಹೇಳುವುದು, ತಾನೇ ಟೇಪು ಹಿಡಿದು ಅಳೆಯುವುದು. ಪ್ರತಿಸಲವೂ ಸರಿಯೇ ಬರುತ್ತಿತ್ತು, ಆದರೂ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

"ಕಿವಿ ಹೋಗಿರೋದು ನಂದು, ಕೊರಗ್ತಾ ಕೂತಿರೋದು ನೀನಾ?" ಎಂದು ರೇಗಿದೆ.

"ನಿನ್ನ ಪ್ರಾಣವೇ ಹೋಗ್ತಿತ್ತಲ್ಲೇ, ನನ್ನ ಕೈಯಿಂದ" ಎಂದ.

ಒಂದು ಭಾನುವಾರ ಹಲ್ಲಿನ ಡಾಕ್ಟರು ಮುಖ ಹುಳ್ಳಗೆ ಮಾಡಿಕೊಂಡು ಮನೆಗೇ ಬಂದರು. ಕೈಯಲ್ಲಿ ಎರಡು ಕೋಲು, ತಮ್ಮ ಹಳೆಯ ಏಳು ಮತ್ತು ಹೊಸ ಏಳು. ಅಡುಗೆಮನೆಯ ನೆಲದ ಮೇಲೆ ಅಕ್ಕಪಕ್ಕ ನಿಲ್ಲಿಸಿದರು. ಹಳೆಯದರಲ್ಲಿ ಚೆಂಡಿಗೆ ತಾಗುವ ಮುಖ ಹಿಂದಕ್ಕೆ ಚೆನ್ನಾಗಿ ಒರಗಿತ್ತು. ಹೊಸದರದು ನೆಟ್ಟಗೆ ನಿಂತಿತ್ತು, ಕೋಲಿನ ಉದ್ದವೂ ಒಂಚೂರು ಜಾಸ್ತಿ.

"ತಪ್ಪು ನಿಮ್ದಲ್ಲ ಗಜಣ್ಣ. ಇದರ ಮೇಲೆ ಏಳು ಅಂತಿದೆ, ಹೊಡೆದ್ರೆ ಹಳೇ ಐದರಷ್ಟು ಹೋಗುತ್ತೆ. ಮುಖದ ಲೋಹ ತೆಳು, ಚೆಂಡನ್ನ ಚಿಮ್ಮಿಸುತ್ತೆ. ಅಂಗಡಿಯವನು ಹೇಳಿದ್ದ, ಮಾರೋಕೆ ಬುರುಡೆ ಬಿಡ್ತಾನೆ ಅಂದ್ಕೊಂಡೆ."

ಅಣ್ಣ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದ. "ಹಾಗಾದ್ರೆ ಐದು ಅಂತಲೇ ಬರೀಬಹುದಿತ್ತಲ್ಲ ಸಾರ್?"

ಡಾಕ್ಟರು ತಲೆ ಕೆರೆದುಕೊಂಡರು. "ಹಾಗೆ ಬರೆದ್ರೆ ಯಾರು ಕೊಳ್ತಾರೆ? ಏಳರಲ್ಲೇ ಇಷ್ಟು ದೂರ ಹೊಡೆದೆ ಅಂತ ಹೇಳ್ಕೊಳ್ಳೋಕೆ ನಮಗೆ ಖುಷಿ."

ಇಷ್ಟೇನಾ? ಇಷ್ಟಕ್ಕೇನಾ? "ಹಾಗಾದ್ರೆ ನನ್ನ ಕಿವಿ ಹರಿದದ್ದು ನಿಮ್ಮ ಜಂಬಕ್ಕಾ ಡಾಕ್ಟ್ರೇ?" ಎಂದು ಕೇಳಿಯೇಬಿಟ್ಟೆ. ಆದರೆ ಮ್ಯಾನೇಜರಿಗೆ ಎಲ್ಲವನ್ನೂ ಹೇಳಿ ಅಣ್ಣನನ್ನು ಮತ್ತೆ ಕೆಲಸಕ್ಕೆ ಕರೆಸಿದವರೂ ಅವರೇ.

ಮೊದಲ ದಿನವೇ ಅದೇ ಕೊಳ, ಅದೇ ಡಾಕ್ಟರು. ಹೊಸ ಕೋಲಿನ ಲೆಕ್ಕ ಹಿಡಿದು ಅಣ್ಣ ಹಳೆಯ ಏಳರ ಬದಲು ಒಂಬತ್ತನ್ನು ಎಳೆದ. ಎಳೆದವನು ಕೊಡಲಿಲ್ಲ. ಎದೆಗೆ ಅವುಚಿಕೊಂಡು, ಜನರ ಎದುರಿಗೇ ಮರಳುಗುಂಡಿಯಲ್ಲಿದ್ದ ನನ್ನತ್ತ ಗಂಟಲು ಹರಿಯುವ ಹಾಗೆ ಕೂಗಿದ: "ಅಲ್ಲಿಂದ ಹೋಗೇ! ನೀನು ಹೋಗೋವರೆಗೂ ಇದನ್ನ ಯಾರಿಗೂ ಕೊಡಲ್ಲ!"

ನಾನು ಕೈಯಲ್ಲಿದ್ದುದನ್ನು ಬಿಸಾಡಿ ಶೆಡ್ಡಿನ ಹಿಂದಕ್ಕೆ ಓಡಿದೆ, ಆಮೇಲೇ ಅವನು ಕೋಲು ಕೊಟ್ಟಿದ್ದು. ಒಂಬತ್ತು ಸರಿಯಾಗಿಯೇ ಇತ್ತು, ಚೆಂಡು ಗುಳಿಯ ಪಕ್ಕಕ್ಕೇ ಬಂದು ಬಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮಣ್ಣ ಮಾತ್ರ ಅದು ಎಲ್ಲಿ ಬಿತ್ತೆಂದು ನೋಡಲೇ ಇಲ್ಲ. ನಾನು ಶೆಡ್ಡಿನ ಹಿಂದಿನಿಂದ ಹೊರಗೆ ಬರುವವರೆಗೂ ಆ ಕಡೆಗೇ ನೋಡುತ್ತಾ ನಿಂತಿದ್ದ.