ತಪ್ಪಾಗಿ ಹಾಡುವ ಎಸ್ತೇರಕ್ಕ

ಕೇಶ್ವಾಪುರದ ಓಣಿಯಲ್ಲಿ ರವಿವಾರ ರೈಲಿನ ಶಿಳ್ಳೆ ನಿಂತೊಡನೆ ಎಸ್ತೇರಕ್ಕನ ಕೊರಳು ಏಳುತ್ತದೆ: "ಲಗೂ ಹೊಂಡ್ರಿ, ದೇವರು ಕಾಯ್ತಾನ, ಪಾದ್ರಿ ಕಾಯೂದಿಲ್ಲ!" ಚರ್ಚಿನಲ್ಲಿ ಹೊಸ ಮುಖ ಕಂಡರೆ ಸಾಕು, ಕೈಹಿಡಿದು ತನ್ನ ಬೆಂಚಿಗೆ ಕರೆತಂದು, ಹಾಡಿನ ಪುಟ ತೆರೆದುಕೊಟ್ಟು, ಪ್ರಾರ್ಥನೆ ಶುರುವಾಗುವುದರೊಳಗೆ ಅವರ ತವರೂರು, ಮೊಣಕಾಲು ನೋವು, ಮುಂಜಾನೆಯ ನಾಷ್ಟಾ ಎಲ್ಲವನ್ನೂ ತಿಳಿದುಕೊಂಡಿರುತ್ತಾಳೆ. ಹಾಡಲು ನಿಂತಾಗ ಮಾತ್ರ ಹಾರ್ಮೋನಿಯಂ ಧಾರವಾಡದ ಕಡೆ ಹೊರಟರೆ ಅವಳ ದನಿ ಗದಗಿನ ಕಡೆ ಹೊರಡುತ್ತದೆ. "ಅಕ್ಕಾ, ದೇವದೂತರು ಕಿವಿ ಮುಚ್ಕೊಂಡಾರ ನೋಡು," ಎಂದು ಹಾರ್ಮೋನಿಯಂ ನುಡಿಸುವ ಪ್ರಭಾಕರ ಛೇಡಿಸುತ್ತಾನೆ. ಈ ರವಿವಾರ, ಗಂಡ ತೀರಿಕೊಂಡಾಗಿನಿಂದ ಚರ್ಚಿನ ಮೆಟ್ಟಿಲು ಹತ್ತದಿದ್ದ ಕೃಪಾವತಿ ಬಂದಳು. ಒಂದು ಕಾಲಕ್ಕೆ ಹಾಡುವವರ ಮುಂದಿನ ಸಾಲಿನಲ್ಲಿದ್ದವಳು ಈಗ ತುಟಿ ತೆರೆಯದೆ ಬಾಗಿಲನ್ನೇ ನೋಡುತ್ತಿದ್ದಳು. ಇಂದು ಎದ್ದುಹೋದರೆ ಮತ್ತೆ ಬರುವವಳಲ್ಲ ಎಂದು ಪ್ರಭಾಕರನಿಗೂ ಗೊತ್ತಿತ್ತು. ಅವಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದ ಎಸ್ತೇರಕ್ಕ ಎಂದಿಗಿಂತ ಜೋರಾಗಿ, ಎಂದಿಗಿಂತ ತಪ್ಪಾಗಿ ಹಾಡಿದಳು. ಮಕ್ಕಳು ಕಿಸಕ್ಕೆಂದರು. ಕೃಪಾವತಿಗೂ ನಗು ಬಂತು. ತಡೆಯಲಾರದೆ ಆ ಸಾಲನ್ನು ತಾನೇ ಸರಿಮಾಡಿ ಹಾಡಿದಳು. ಎರಡನೇ ಚರಣಕ್ಕೆ ಇಡೀ ಸಭೆ ಅವಳ ದನಿಯ ಬೆನ್ನುಹತ್ತಿತು, ಕಿಟಕಿಯ ಗಾಜುಗಳೂ ಮೊಳಗಿದವು. ಆರಾಧನೆ ಮುಗಿದ ಮೇಲೆ, ಪುಸ್ತಕ ಜೋಡಿಸುತ್ತಿದ್ದ ಎಸ್ತೇರಕ್ಕ ಅದೇ ಹಾಡನ್ನು ಗುನುಗುವುದು ಪ್ರಭಾಕರನಿಗೆ ಕೇಳಿಸಿತು; ಒಂದು ಸ್ವರವೂ ತಪ್ಪಿರಲಿಲ್ಲ. "ಅಕ್ಕಾ, ಇಷ್ಟು ವರ್ಷ ನೀ ಬೇಕಂತನ ತಪ್ಪು ಹಾಡಿದ್ಯಾ?" ಎಂದ. "ಸುಮ್ನಿರೋ ತಮ್ಮಾ, ನನ್ನ ಬಾಜೂ ನಿಂತವರಿಗೆ ಹಾಡಾಕ ಅಂಜಿಕಿ ಇರಬಾರ್ದು," ಎಂದವಳು ಬಾಗಿಲ ಕಡೆ ತಿರುಗಿ, "ಏ ಕೃಪಾ, ನಿಲ್ಲವ್ವಾ, ಚಾ ಕುಡಿಲಾರದ ಹೊಂಟ್ಯಾ? ಬರೂ ರವಿವಾರ ನೀನ ಮೊದಲ ಹಾಡು, ನಾ ನಿನ್ನ ಹಿಂದಿಂದ..." ಎನ್ನುತ್ತ ನಡೆದೇಬಿಟ್ಟಳು.