ತೆಂಕಲಿಗೆ ಬಾಗಿಲಿಟ್ಟವಳು

ಗಾರೆಯಕ್ಕನ ನಡುನೆತ್ತಿಯಲ್ಲಿ ಅಂಗೈಯಗಲ ಕೂದಲಿರಲಿಲ್ಲ. ಸುತ್ತಲೂ ದಟ್ಟವಾದ ನರೆಗೂದಲು, ನಡುವೆ ಮಾತ್ರ ಸವೆದು ನುಣುಪಾದ ಒಂದು ಬಯಲು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಜಾಗದ ಮೇಲೆ ಸಿಂಬಿ, ಸಿಂಬಿಯ ಮೇಲೆ ಬಾಂಡ್ಲಿ, ಬಾಂಡ್ಲಿಯ ತುಂಬ ಗಾರೆ. ಸೆರಗು ಜಾರಿದಾಗ ಯಾರಾದರೂ ಅತ್ತ ನೋಡಿದರೆ ಅವಳು ಮುಚ್ಚಿಕೊಳ್ಳುತ್ತಿರಲಿಲ್ಲ. "ನೋಡ್ಕಳಿ, ನಿಮ್ಮೂರ್ ಮನಗೋಳೆಲ್ಲ ಇದ್ರ ಮೇಲಿಂದ್ಲೇ ಎದ್ದಿರಾದು" ಅನ್ನುತ್ತಿದ್ದಳು. ನಗುತ್ತ ಹೇಳುತ್ತಿದ್ದಳು, ಆದರೆ ಅದು ತಮಾಷೆಯಾಗಿರಲಿಲ್ಲ.

ಈಗ ಬರೆಯುವಾಗ 'ಅವರು' ಅನ್ನಬೇಕು ಅನ್ನಿಸುತ್ತದೆ. ಆದರೆ ಕೇರಿಯಿಂದ ಕೆಲಸಕ್ಕೆ ಬರುತ್ತಿದ್ದ, ನನ್ನ ಅವ್ವನಿಗಿಂತ ಹಿರಿಯಳಾದ ಆ ಹೆಂಗಸನ್ನು ಐದು ವರ್ಷದ ನಾನೂ ಏಕವಚನದಲ್ಲೇ ಕೂಗಿದ್ದು. ಆ ತಪ್ಪನ್ನು ಇವತ್ತು ಬಹುವಚನ ಹಾಕಿ ಮುಚ್ಚಲಾರೆ. ಮಕ್ಕಳಿಗೆ ಅವಳು ಗಾರೆಯಕ್ಕ. ಮೇಸ್ತ್ರಿಗಳಿಗೆ ಬರೀ ಚಿತ್ತಾಳು, ಅಂದರೆ ಗಾರೆ ಕಲಸಿ, ಹೊತ್ತು, ಇಟ್ಟಿಗೆ ಎಟುಕಿಸುವ ಹೆಂಗಸು. ಕರಣೆ ಹಿಡಿಯುವುದು ಗಂಡಸರ ಕೆಲಸ. ಮೇಸ್ತ್ರಿ ಬೀಡಿ ಸೇದಲು ಹೋದಾಗ ಅವಳು ಎತ್ತಿದ ಎರಡು ವರಸೆ ಗೋಡೆ ಅವನದಕ್ಕಿಂತ ನೆಟ್ಟಗಿರುತ್ತಿತ್ತು. ಆದರೂ ಸಂಜೆಗೆ ಅವನು ಮೇಸ್ತ್ರಿ, ಅವಳು ಚಿತ್ತಾಳು.

ಹೊಸ ಮನೆಯ ಜಾಗಕ್ಕೆ ಬಂದರೆ ಅವಳದೊಂದು ಅಭ್ಯಾಸವಿತ್ತು. ದಾರ ಕಟ್ಟುವ ಮೊದಲು ನಾಲ್ಕು ಒಣ ಎಲೆ ಗುಡ್ಡೆ ಮಾಡಿ ಹಚ್ಚುವಳು. ಹೊಗೆ ಯಾವ ಕಡೆ ಬಾಗುತ್ತದೆ ಎಂದು ಕುಕ್ಕರುಗಾಲಲ್ಲಿ ಕೂತು ನೋಡುವಳು. ಆಮೇಲೆ ಯಜಮಾನನನ್ನು ಬಿಟ್ಟು ಆ ಮನೆಯ ಹೆಂಗಸನ್ನು ಕೇಳುವಳು: "ಒಲೆ ಎಲ್ಲಿ ಕೂರ್ತದ? ಇತ್ಲು ಯಾವ್ ಕಡಗ?" ಜಗಲಿಯಲ್ಲಿ ಗಂಡಸರು ಯಾವಾಗಲೋ ಒಂದು ಗಳಿಗೆ ಕೂರುತ್ತಾರೆ, ಹಿತ್ತಲಲ್ಲಿ ಹೆಂಗಸರು ದಿನವೂ ಬದುಕಬೇಕು ಎಂಬುದು ಅವಳ ವಾದ. ಈ ಮಾತನ್ನು ಯಾವ ಯಜಮಾನನೂ ಕಿವಿಗೆ ಹಾಕಿಕೊಂಡಿದ್ದನ್ನು ನಾನು ಕಾಣೆ.

ನಮ್ಮ ಮನೆ ಕಟ್ಟಿಸುವಾಗ ಅಪ್ಪ ಸತ್ಯಮಂಗಲದ ಕಡೆಯಿಂದ ಒಬ್ಬ ವಾಸ್ತುವಿನವನನ್ನು ಕರೆಸಿದರು. ದಿಂಬಂ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆ ಹಾಕಿ ವಾಂತಿ ಮಾಡಿಕೊಂಡೇ ಬಂದಿದ್ದ ಆಸಾಮಿ. ಇಳಿದು ಅರ್ಧ ಗಂಟೆ ಕಲ್ಲಿನ ಮೇಲೆ ಕೂತಿದ್ದ. ಆಮೇಲೆ ಜೇಬಿನಿಂದ ದಿಕ್ಸೂಚಿ ತೆಗೆದು ನಮಗೆ ದಿಕ್ಕು ತೋರಿಸಿದ. ಮೊಗ ಮೂಡಲಿಗೆ, ಹಿತ್ತಲ ಬಾಗಿಲು ಪಡುವಲಿಗೆ. ಗಾರೆಯಕ್ಕ ಅವ್ವನ ಹತ್ತಿರ ಹೋಗಿ, "ಅಮ್ಮೋರೇ, ಪಡುವ್ಲಗಾಳಿ ಆಸಾಡದಲ್ಲಿ ನಿಮ್ ನೀರೊಲೆ ಒಗೇನೆಲ್ಲ ಒಳಕ್ಕೇ ತರ್ತದ. ಇತ್ಲ ಬಾಗ್ಲ ಬಡಗ್ಲಿಗ ಮಾಡ್ಸಿ" ಅಂದಳು. ಅಪ್ಪನಿಗೆ ಅದು ಕೇಳಿಸಿತು. "ಗಾರ ಒರೋಳು ವಾಸ್ತು ಏಳಕ್ ಬಂದ್ಳು ಕಣ್ಲಾ" ಎಂದು ಮೇಸ್ತ್ರಿಯ ಕಡೆ ತಿರುಗಿ ನಕ್ಕರು. ಮೇಸ್ತ್ರಿಯೂ ನಕ್ಕ. ಅವಳು ಬಾಂಡ್ಲಿ ತುಂಬಿಕೊಂಡು ಹೋದಳು.

ಎರಡು ಆಷಾಢ ಅವ್ವ ಹೊಗೆ ಕುಡಿದಳು. ಕಣ್ಣು ಕೆಂಪಾಗಿ ಊದಿ, ರಾತ್ರಿ ಉಂಡ ತಟ್ಟೆಯನ್ನೂ ತಡವಿ ಎತ್ತುವ ಹಾಗಾಯಿತು. ಅಪ್ಪ ಅರಿಸಿನ ಮಾರಲು ಹೋಗಿ ಎರಡು ದಿನ ಊರಲ್ಲಿಲ್ಲದ ಹೊತ್ತು ನೋಡಿ ಅವಳು ಗಾರೆಯಕ್ಕನಿಗೆ ಹೇಳಿ ಕಳಿಸಿದಳು. ಗಾರೆಯಕ್ಕ ಒಬ್ಬಳೇ ಪಡುವಲ ಬಾಗಿಲು ಮುಚ್ಚಿ ಬಡಗಲ ಗೋಡೆಯಲ್ಲಿ ಬಾಗಿಲು ತೆಗೆದಳು. ನಾನು ಇಟ್ಟಿಗೆ ಎಟುಕಿಸಿದೆ. ಅಪ್ಪ ಬಂದು ನೋಡಿ ಕೂಗಾಡಿದರು. ಮುಂದಿನ ಆಷಾಢದಲ್ಲಿ ಒಳಗೆ ಹೊಗೆ ಬರಲಿಲ್ಲ. ಅದನ್ನು ಅವರು ಬಾಯಿ ಬಿಟ್ಟು ಹೇಳಲೇ ಇಲ್ಲ.

ನಾನು ಓದಿ ಕನ್ನಡ ಶಾಲೆಯ ಟೀಚರಾದೆ. ನಮ್ಮದು ಗಡಿಯ ಊರು, ಆಫೀಸಿನ ಕಾಗದವೆಲ್ಲ ತಮಿಳಿನಲ್ಲಿ; ನಾನು ತಮಿಳೂ ಚೆನ್ನಾಗಿ ಬರೆಯುತ್ತಿದ್ದೆ. ಆ ವಿದ್ಯೆಯಿಂದ ನಾನು ಮಾಡಿದ ಅತಿ ಕೆಟ್ಟ ಕೆಲಸವನ್ನು ಇನ್ನು ಹೇಳಬೇಕು.

ಕೆಲವು ವರ್ಷದ ಹಿಂದೆ ಕೇರಿಯ ಹನ್ನೆರಡು ಕುಟುಂಬಕ್ಕೆ ಸರ್ಕಾರದ ಮನೆ ಮಂಜೂರಾಯಿತು. ಗಾರೆಯಕ್ಕನದೂ ಅದರಲ್ಲಿ ಒಂದು. ಅಷ್ಟು ಜನರ ಮನೆಗೆ ಮಣ್ಣು ಹೊತ್ತವಳಿಗೆ ಅಲ್ಲಿಯವರೆಗೆ ಸ್ವಂತದ್ದು ಅಂತ ಇದ್ದದ್ದು ತಗಡಿನ ಗುಡಿಸಲು. ಊರಿನ ತುದಿಯಲ್ಲಿ ನಮ್ಮ ಹೊಲಗಳಿಗೆ ಹೋಗುವ ರಸ್ತೆಯಿದೆ. ಅದರ ಬಡಗಲ ಮಗ್ಗುಲಲ್ಲಿ ಜಾಗ. ಆಫೀಸಿನ ಪ್ಲಾನಿನಲ್ಲಿ ಹನ್ನೆರಡೂ ಬಾಗಿಲು ರಸ್ತೆಗೆ, ಅಂದರೆ ತೆಂಕಲಿಗೆ.

ಊರಿನ ಹಿರಿಯರು ಗುಡಿಯ ಜಗಲಿಯಲ್ಲಿ ಸೇರಿ ಅದಾಗಕೂಡದು ಅಂದರು. ತೆಂಕಲು ಯಮನ ದಿಕ್ಕು, ಬಡವರ ಮನೆಗೆ ಕೇಡಾಗುತ್ತದೆ, ಬಾಗಿಲು ಹಳ್ಳದ ಕಡೆ ಇಟ್ಟುಕೊಂಡು ಬೆನ್ನು ರಸ್ತೆಗೆ ಮಾಡಿಕೊಳ್ಳಲಿ. ಅದೇ ವಾಸ್ತುವಿನವನನ್ನು ಮತ್ತೆ ಕರೆಸಿ ಹೌದೆನ್ನಿಸಿದರು. ಕೇರಿಯವರ ಮೇಲೆ ಊರಿಗೆ ಅಷ್ಟೊಂದು ಕನಿಕರ ಹುಟ್ಟಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಆಫೀಸಿಗೆ ಮನು ಕೊಡಬೇಕಿತ್ತು. ಮನು ಅಂದರೆ ನಮ್ಮಲ್ಲಿ ಅರ್ಜಿ. ಅಪ್ಪ ಊಟಕ್ಕೆ ಕೂತವರು ನನ್ನನ್ನು ಕರೆದು, "ಸಂದಾಗಿ ತಮಿಳಲ್ಲಿ ಬರ್ಕೊಡು. ಕೇರಿಯವರೇ ಕೇಳ್ಕೊಂಡಂಗ ಇರ್ಬೇಕು" ಅಂದರು. ನಾನು ಬರೆದೆ. 'ಹನ್ನೆರಡು ಕುಟುಂಬದವರಾದ ನಾವು ನಮ್ಮ ನಂಬಿಕೆಯಂತೆ ಮನೆಯ ಬಾಗಿಲನ್ನು ಬಡಗಲಿಗೆ ಇರಿಸಿಕೊಡಬೇಕಾಗಿ ಪ್ರಾರ್ಥಿಸುತ್ತೇವೆ' ಎಂಬ ಅರ್ಥ ಬರುವ ಹಾಗೆ, ಎಲ್ಲೂ ಚಿತ್ತು ಇಲ್ಲದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ನಾಲ್ಕು ದಿನ ಬಿಟ್ಟು ಗಾರೆಯಕ್ಕ ಮಧ್ಯಾಹ್ನದ ಹೊತ್ತಿಗೆ ಶಾಲೆಗೆ ಬಂದಳು. ಸಹಿ ಹಾಕು ಎಂದು ಅವಳ ಕೈಗೆ ಆ ಕಾಗದದ ನಕಲು ಕೊಟ್ಟಿದ್ದರು. ಸಹಿ ಬರುತ್ತಿತ್ತು, ಓದು ಬರುತ್ತಿರಲಿಲ್ಲ.

"ಇದ್ರಲ್ಲಿ ಏನ್ ಬರ್ದದ, ಓದು ಕೂಸೇ."

ಓದಿದೆ. ಕನ್ನಡದಲ್ಲಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು.

"ಯಾರ್ ಬರ್ದದು?"

"ನಾನೇ ಅಕ್ಕ."

ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ನಿನ್ ಅಕ್ಸರ ಸಂದಾಗದ" ಅಂದಳು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸುಳ್ಳ ಇಷ್ಟ್ ಸಂದಾಗಿ ಬರೀಬಾರ್ದು ಕಣ್ ಕೂಸೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯದೆ ಹೋದಳು.

ಪಾಯಕ್ಕೆ ಗುರುತು ಹಾಕುವ ದಿನ ನಾನು ಅರ್ಧ ದಿನ ರಜೆ ಹಾಕಿ ಹೋದೆ. ಆಫೀಸಿನಿಂದ ಚಿಕ್ಕ ಪ್ರಾಯದ ಓವರ್‌ಸಿಯರ್ ಬಂದಿದ್ದರು. ಹಿರಿಯರೂ ಅಪ್ಪನೂ ರಸ್ತೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದ: ಬೆನ್ನೆಲ್ಲ ರಸ್ತೆಗೆ, ಬೆನ್ನಿನ ಮೂಲೆಮೂಲೆಗೆ ಮರೆಯಿಲ್ಲದ ಬಚ್ಚಲಿನ ಚೌಕ. ಗಾರೆಯಕ್ಕ ಬಂದಳು. ಯಾರನ್ನೂ ಕೇಳದೆ ತನ್ನ ಮನೆಯ ಗೆರೆಯೊಳಗೆ ನಡೆದು ಕಾಲಿನಿಂದ ಬಚ್ಚಲಿನ ಚೌಕವನ್ನು ಒರೆಸಿದಳು. ಸುಣ್ಣ ಹಿಡಿದುಕೊಂಡು ಬಂದು ರಸ್ತೆಯ ಕಡೆಗೆ ಬಾಗಿಲಿನ ಗುರುತು ಹಾಕಿದಳು.

"ಏಯ್, ನಿಮ್ ಒಳ್ಳೇದ್ಕೇ ಕಣಮ್ಮಿ ಏಳ್ತಿರಾದು" ಎಂದು ಹಿರಿಯರೊಬ್ಬರು ಕೂಗಿದರು. "ತೆಂಕ್ಲು ಯಮನ್ ದಿಕ್ಕು."

ಅವಳು ಸೊಂಟ ನೆಟ್ಟಗೆ ಮಾಡಿ ನಿಂತಳು. "ಮ್ಯಾಗಲ ಬೀದೀಲಿ ಏಳು ಮನ ತೆಂಕ್ಲಾಗವ. ಏಳ್ಕೂ ಗಾರ ಒತ್ತವ್ಳು ನಾನು. ಯಮ ಎತ್ತಗ್ ಓಗಿದ್ದ ಬುದ್ದಿ ಆವಾಗ?"

ಯಾರೋ ಹುಡುಗರು ನಕ್ಕರು. ಅಪ್ಪ ಕುರ್ಚಿಯಿಂದ ಎದ್ದರು. ಸಿಟ್ಟಿನಲ್ಲಿ ವಾಸ್ತು ಮರೆತೇ ಹೋಯಿತು. "ಬೆಳಗಾಗೆದ್ದು ಒಲಕ್ ಓಗೋ ದಾರೀಲಿ ನಿಮ್ ಬಾಗ್ಲ್ ನೋಡ್ಕಂಡ್ ಓಗ್ಬೇಕಾ ನಾವು?"

ಅಷ್ಟೇ ವಿಷಯ. ಯಮನೂ ಇಲ್ಲ, ದಿಕ್ಸೂಚಿಯೂ ಇಲ್ಲ. ನನ್ನ ತಮಿಳಿನ ಹಿಂದೆ ಇದ್ದದ್ದು ಈ ಒಂದೇ ಮಾತು.

ಗಾರೆಯಕ್ಕ ಅಪ್ಪನನ್ನೇ ನೋಡಿ ಮೆತ್ತಗೆ ಕೇಳಿದಳು. ಈ ಸಲ, ಕೇರಿಯವರು ಊರವರಿಗೆ ಅನ್ನಬೇಕಾದ 'ಬುದ್ದಿ' ಅನ್ನಲಿಲ್ಲ.

"ನಮ್ ಬಾಗ್ಲು ನಿಮ್ ಕಣ್ಗ ಬೀಳ್ಬಾರ್ದು. ನಮ್ ಎಣ್ಮಕ್ಳು ಮೀಯಾದು ಬೀಳ್ಬೋದಾ?"

ಅದೇ ಮಾತನ್ನು ಅವಳು ಓವರ್‌ಸಿಯರ್ ಕಡೆ ತಿರುಗಿ ತಮಿಳಿನಲ್ಲಿ ಇನ್ನೊಮ್ಮೆ ಹೇಳಿದಳು. ಅವರು ತಲೆ ತಗ್ಗಿಸಿ ಫೈಲು ತೆರೆದು, ಹಿರಿಯರು ಆಗಲೇ ಕೊಟ್ಟಿದ್ದ ಮನು ಹೊರತೆಗೆದರು. ಇದನ್ನು ಯಾರು ಬರೆದದ್ದು ಎಂದು ಕೇಳಿದರು. 'ನಾನು' ಅಂದೆ. ಇವರು ಕೇಳಿಕೊಂಡರಾ ಅಂದರು. "ಇಲ್ಲ ಸಾರ್. ಇವರ್ಯಾರೂ ಕೇಳಲಿಲ್ಲ. ನಮ್ಮಪ್ಪ ಹೇಳಿದರು, ನಾನು ಬರೆದೆ."

ದಯವಿಟ್ಟು ಇದನ್ನು ಧೈರ್ಯ ಅನ್ನಬೇಡಿ. ಬರೆಯುವ ದಿನವೇ ಆಡಬೇಕಾಗಿದ್ದ ಮಾತು ಅದು.

ಓವರ್‌ಸಿಯರ್ ತನಗೆ ತಿಳಿದಂತೆ ನ್ಯಾಯ ಮಾಡಿದರು. ಪ್ಲಾನಿನಲ್ಲಿರುವಂತೆ ಬಾಗಿಲು ರಸ್ತೆಗೆ. ಬೇಡ ಅನ್ನುವವರು ಒಬ್ಬೊಬ್ಬರೇ ಬಂದು ಬೇರೆ ಬೇರೆ ಸಹಿ ಹಾಕಿಕೊಡಿ. ಅಂದು ಸಂಜೆಯೊಳಗೆ ಊರಿನ ಮಾತು ಕೇರಿಗೆ ಮುಟ್ಟಿತು: ರಸ್ತೆಗೆ ಬಾಗಿಲಿಟ್ಟವರು ಅರಿಸಿನ ಕೀಳಲೂ ಬರಬೇಡಿ, ಕೋಸು ಕುಯ್ಯಲೂ ಬರಬೇಡಿ. ಹನ್ನೊಂದು ಮನೆಯವರು ಸಹಿ ಹಾಕಿದರು. ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ಮಾರನೆಯ ದಿನ ಒಲೆ ಹೊತ್ತಿಸಬೇಕಾದವರು ಅವರು.

ಗಾರೆಯಕ್ಕ ಸಹಿ ಹಾಕಲಿಲ್ಲ. ಊರಲ್ಲಿ ಅವಳಿಗೆ ಕೆಲಸ ನಿಂತಿತು. ದಿನವೂ ಬೆಳಿಗ್ಗೆ ಗೆಟ್ಟವಾಡಿ ದಾರಿಯಲ್ಲಿ ಗಡಿ ದಾಟಿ ಚಾಮರಾಜನಗರದ ಕಡೆ ಗಾರೆ ಕೆಲಸಕ್ಕೆ ಹೋಗಿ, ಸಂಜೆ ಬಂದು ತನ್ನ ಮನೆ ಕಟ್ಟಿಕೊಂಡಳು. ಊರ ಬೋರಿನ ನೀರು ಅವಳಿಗೆ ಕೊಡಲಿಲ್ಲ. ಸಹಿ ಹಾಕಿದ ಹನ್ನೊಂದು ಮನೆಯ ಹೆಂಗಸರೇ ಹಳ್ಳದಿಂದ ಕೊಡ ಕೊಡ ನೀರು ತಂದು ಅವಳ ಗೋಡೆಗೆ ಸುರಿದರು. ಮುಂದಿನ ಗೋಡೆಯನ್ನು ಅವಳೇ ಕರಣೆ ಹಿಡಿದು ಎತ್ತಿದಳು. ಈಗ ಆ ರಸ್ತೆಯಲ್ಲಿ ಹೋದರೆ ಹನ್ನೊಂದು ಬೆನ್ನು ಕಾಣುತ್ತದೆ, ಬೆನ್ನಿಗೆ ಹಳೆ ಸೀರೆ, ಗೊಬ್ಬರದ ಚೀಲ ಕಟ್ಟಿದ ಮರೆ. ನಡುವೆ ಒಂದೇ ಒಂದು ಬಾಗಿಲು, ನೀಲಿ ಬಣ್ಣದ್ದು.

ಅವಳ ಹಿತ್ತಲು ಬಡಗಲಿಗೆ, ಹಳ್ಳದ ಕಡೆ. ಆಳೆತ್ತರದ ಗೋಡೆ, ಒಂದು ನುಗ್ಗೆ ಗಿಡ, ಮೀಯಲು ಅಗಲವಾದ ಚಪ್ಪಡಿ. ಅಕ್ಕಪಕ್ಕದ ಹೆಣ್ಣುಮಕ್ಕಳೆಲ್ಲ ಸರದಿಯ ಮೇಲೆ ಅಲ್ಲಿಗೇ ಬಂದು ಮೀಯುತ್ತಿದ್ದರು. ಅವಳ ಹಿತ್ತಲೇ ಹನ್ನೆರಡು ಮನೆಯ ಬಚ್ಚಲಾಯಿತು.

ನಾನು ಒಂದು ಭಾನುವಾರ ಹೋದೆ. ಹೊಸಿಲ ಹತ್ತಿರ ಚಾಪೆ ಹಾಕಿ ಕೂರಿಸಿ ಟೀ ಕೊಟ್ಟಳು. ನನ್ನದು ತಪ್ಪಾಯಿತು, ಆವತ್ತು ನಿಜ ಹೇಳಿದೆನಲ್ಲ ಎಂದು ಏನೇನೋ ತೊದಲಿದೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. ಅದನ್ನು ಈಗಲೂ ಮೆಚ್ಚುತ್ತೇನೆ.

"ಆವತ್ತ್ ಇಲ್ಲ ಅಂದ್ಯಲ್ಲ, ಅದೇ ಸಾಕು ಅಂತ ನಾನ್ ಏಳಲ್ಲ ಕೂಸೇ. ಬರಿ ಅಂದಾಗ್ಲೇ ಇಲ್ಲ ಅಂದಿದ್ರ ಇವ್ರ್ ಅನ್ನೊಂದ್ ಮನಗೂ ರಸ್ತಗ ಬಾಗ್ಲಾಯ್ತಿತ್ತು." ಲೋಟ ತೆಗೆದುಕೊಳ್ಳುತ್ತ ಸೇರಿಸಿದಳು: "ಇನ್ನೊಂದ್ ದಪ ಯಾರಾರ ಬರಿ ಅಂದ್ರ, ಯಾರ್ ಕೇಳ್ದವ್ರು ಅಂತ ಮೊದ್ಲು ಕೇಳು."

ಅಂದಿನಿಂದ ಕೇಳುತ್ತಿದ್ದೇನೆ. ಊರಲ್ಲಿ ನನಗೆ ಕಾಗದ ಬರೆಸಲು ಬರುವವರು ಕಡಿಮೆಯಾಗಿದ್ದಾರೆ.

ಆ ಮನೆಯಲ್ಲಿ ಅವಳು ಬದುಕಿದ್ದು ಮೂರು ವರ್ಷ. ಕೆಮ್ಮು ಹಿಡಿಯಿತು. ಜೀವಮಾನವಿಡೀ ಕುಡಿದ ಸುಣ್ಣ, ಸಿಮೆಂಟಿನ ಧೂಳು ಎದೆಯಲ್ಲಿ ಕೂತಿದೆ ಅಂದರು ಡಾಕ್ಟರು. ಪಡುವಲಗಾಳಿ ಜೋರಾಗಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಹೋಗಿಬಿಟ್ಟಳು.

ಸುದ್ದಿ ಮುಟ್ಟಿ ನಾನು ಹೋಗುವ ಹೊತ್ತಿಗೆ ಊರಿನಿಂದ ಇಬ್ಬರು ಬಂದು ನಿಂತಿದ್ದರು. ಹೆಣವನ್ನು ರಸ್ತೆಗೆ ತರುವುದು ಬೇಡ, ಹಿತ್ತಲ ಗೋಡೆ ಸ್ವಲ್ಪ ಕೆಡವಿಕೊಂಡು ಹಳ್ಳದ ದಾರಿಯಲ್ಲೇ ತೆಗೆದುಕೊಂಡು ಹೋಗಿ ಎಂಬುದು ಊರಿನ ಅಪ್ಪಣೆಯಂತೆ. ಸತ್ತವಳಿಗೂ ದಿಕ್ಕು ತೋರಿಸಲು ಬಂದಿದ್ದರು! ನನಗೆ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ಹೆಂಗಸು, ಸಹಿ ಹಾಕಿದವರಲ್ಲಿ ಮೊದಲನೆಯವಳು, ನೀಲಿ ಬಾಗಿಲಿನ ಎರಡೂ ಕದ ತೆಗೆದು ಹೊಸಿಲ ಮೇಲೆ ನಿಂತಳು. "ಅಕ್ಕ ಬಾಗ್ಲಲ್ಲೇ ಬತ್ತಾಳ. ಜಾಗ ಬುಡಿ" ಅಂದಳು. ಅವಳ ಹಿಂದೆ ಉಳಿದ ಮನೆಗಳ ಹೆಂಗಸರೆಲ್ಲ ಬಂದು ನಿಂತರು. ಬಂದಿದ್ದ ಇಬ್ಬರೂ ಜಾಗ ಬಿಟ್ಟರು.

ತಮಟೆಯ ಜೊತೆ ರಸ್ತೆಯ ಮೇಲೆಯೇ ಹೊರಟೆವು. ಆ ರಸ್ತೆ ಊರು ಸೇರುವ ಕಡೆ ಮೊದಲು ಸಿಗುವುದು ನಮ್ಮ ಮನೆ. ಸುದ್ದಿ ಕೇಳಿ ಅಪ್ಪ ಬಾಗಿಲು ಹಾಕಿ ಅಗುಳಿ ಜಡಿದಿದ್ದರು. ತಮಟೆ ಹತ್ತಿರವಾದಂತೆ ಒಳಗೆ ಅಗುಳಿ ಸರಿದ ಸದ್ದಾಯಿತು. ಅವ್ವ ಬಾಗಿಲು ತೆಗೆದು ಹೊರಗೆ ಬಂದು ಮೆಟ್ಟಿಲ ಮೇಲೆ ಕೈ ಮುಗಿದು ನಿಂತಳು. ಒಳಗಿನಿಂದ ಅಪ್ಪ ಎರಡು ಸಲ ಕೂಗಿದರು. ನಾವೆಲ್ಲ ದಾಟಿ ಹೋಗುವವರೆಗೂ ಅವ್ವ ಅಲ್ಲಿಂದ ಕದಲಲಿಲ್ಲ.